ಕಡಿಮೆ ದರದ ವಿಮಾನ ಕಂಪನಿಗಳು ಊರಾಚೆಯ ಸಣ್ಣ ನಿಲ್ದಾಣಗಳನ್ನೇ ಯಾಕೆ ಇಷ್ಟಪಡುತ್ತವೆ?

ಅಲ್ಲಿ ಶುಲ್ಕ ಕಡಿಮೆ, ಅದು ನಿಜ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಸಮಯ. ವಿಮಾನ ದುಡಿಯುವುದು ಹಾರುವಾಗ ಮಾತ್ರ ಅಲ್ವಾ? ನೆಲದ ಮೇಲೆ ನಿಂತಷ್ಟು ಹೊತ್ತೂ ಬರೀ ಖರ್ಚು. ದೊಡ್ಡ ನಿಲ್ದಾಣದಲ್ಲಿ ಇಳಿಯುವ ಮೊದಲು ಆಕಾಶದಲ್ಲೇ ಸುತ್ತು, ಹೊರಡುವಾಗ ರನ್‌ವೇ ಮುಂದೆ ಸಾಲು. ಸಣ್ಣ ನಿಲ್ದಾಣದಲ್ಲಿ ಈ ಕಾಟ ಕಡಿಮೆ. ಯುರೋಪಿನ ಕಡಿಮೆ ದರದ ಕಂಪನಿ ರಯಾನ್‌ಏರ್‌ನ ವಿಮಾನ ಬಂದು ನಿಂತಾಗ ನೋಡಿ. ಏರೋಬ್ರಿಡ್ಜ್‌ಗೆ (ನಿಲ್ದಾಣದ ಕಟ್ಟಡದಿಂದ ವಿಮಾನದ ಬಾಗಿಲಿಗೆ ಜೋಡಿಸುವ ಸೇತುವೆ) ಕಾಯುವುದಿಲ್ಲ, ಮುಂದಿನ ಬಾಗಿಲಿಂದ ತನ್ನದೇ ಮೆಟ್ಟಿಲು ಇಳಿಬಿಡುತ್ತದೆ. ಜನ ಹಿಂದೆ ಮುಂದೆ ಎರಡೂ ಕಡೆಯಿಂದ ಇಳಿದು ನಡೆದೇ ಹೋಗುತ್ತಾರೆ. ಸುಮಾರು 25 ನಿಮಿಷದಲ್ಲಿ ಮತ್ತೆ ಹೊರಡುವುದು ಗುರಿ. ಹೀಗೆ ಉಳಿದ ನಿಮಿಷಗಳೆಲ್ಲ ಸೇರಿದರೆ ಅದೇ ವಿಮಾನದಲ್ಲಿ ದಿನಕ್ಕೆ ಇನ್ನೊಂದು ಟ್ರಿಪ್ ಹೊಡೆಯಬಹುದು.

ಇನ್ನು ಚೌಕಾಸಿ. ಖಾಲಿ ಹೊಡೆಯುವ ನಿಲ್ದಾಣಕ್ಕೆ ಜನ ಬಂದರೆ ಸಾಕು, ಅಂಗಡಿ, ಪಾರ್ಕಿಂಗ್‌ನಿಂದ ದುಡ್ಡು ಬರುತ್ತದೆ. ಹಾಗಾಗಿ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ.

ನೀವು ಟಿಕೆಟ್ ತೆಗೆಯುವ ಮುಂಚೆ ಮ್ಯಾಪ್ ನೋಡಿಬಿಡಿ. ಪ್ಯಾರಿಸ್ ಹೆಸರಲ್ಲಿ ಮಾರುವ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ 80 ಕಿ.ಮೀ.ಗೂ ಜಾಸ್ತಿ ದೂರ. ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣ ಅಂತೂ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ.