ಗ್ರೀನ್‌ಸ್ಲೀವ್ಸ್ ಬೆಳೆದ ಬಗೆ

ದೊಡ್ಡ ಕಂಪನಿಯ ದುಡ್ಡಿಲ್ಲದೆ ಜಮೈಕಾದ ರೆಗೇ ಸಂಗೀತದ ರೆಕಾರ್ಡ್ ಹೊರತರೋ ಗ್ರೀನ್‌ಸ್ಲೀವ್ಸ್ ಲೇಬಲ್ (ರೆಕಾರ್ಡ್ ಕಂಪನಿ) ಹೇಗೆ ಬೆಳೀತು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಗುಟ್ಟು ಅಂಗಡಿಯಲ್ಲೇ ಇತ್ತು. 1975ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ಕ್ರಿಸ್ ಕ್ರ್ಯಾಕ್ನೆಲ್, ಕ್ರಿಸ್ ಸೆಜ್‌ವಿಕ್ ತೆರೆದದ್ದು ಬರೀ ರೆಕಾರ್ಡ್ ಅಂಗಡಿ. ಯಾವ ರೆಕಾರ್ಡಿಗೆ ಗಿರಾಕಿಗಳು ಮುಗಿಬೀಳ್ತಾರೆ ಅನ್ನೋದು ಗಲ್ಲಾದಲ್ಲಿ ಕೂತವರಿಗೆ ತಾನೆ ಮೊದಲು ಗೊತ್ತಾಗೋದು! ಲೇಬಲ್ ಶುರುವಾದದ್ದು 1977ರಲ್ಲಿ. ಅದೇ ವರ್ಷ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ (ಒರಟು ರಾಕ್) ತಂಡದ ಹಾಡುಗಾರ ಜಾನಿ ರಾಟನ್ ರೇಡಿಯೋದಲ್ಲಿ ಇದೇ ಲೇಬಲ್ಲಿನ ರೆಗೇ ಗಾಯಕ ಡಾಕ್ಟರ್ ಅಲಿಮಂಟಾಡೋ ಹಾಡು ಹಾಕಿಸಿದ. ಪಂಕ್ ಹುಡುಗರೂ ಕಿವಿಗೊಟ್ಟರು.

ನಿಜವಾದ ಸುಗ್ಗಿ 80ರ ದಶಕ. ನಿರ್ಮಾಪಕ ಹೆನ್ರಿ 'ಜುಂಜೋ' ಲಾಸ್ ಜಮೈಕಾದಲ್ಲಿ ಮಾಡಿಸಿದ ರೆಕಾರ್ಡುಗಳನ್ನು ಇವರು ಲಂಡನ್ನಿನಲ್ಲಿ ಬಿಡುಗಡೆ ಮಾಡಿದರು: ಗಾಯಕರಾದ ಈಕ್-ಎ-ಮೌಸ್, ಯೆಲ್ಲೋಮ್ಯಾನ್, ಜೊತೆಗೆ 'ಸೈಂಟಿಸ್ಟ್' ಅನ್ನೋ ಹೆಸರಿನ ಸೌಂಡ್ ಎಂಜಿನಿಯರ್‌ನ ಡಬ್ (ಹಾಡನ್ನು ಪ್ರತಿಧ್ವನಿ ಸೇರಿಸಿ ಹೊಸದಾಗಿ ಮಿಕ್ಸ್ ಮಾಡಿದ್ದು). ಟೋನಿ ಮೆಕ್‌ಡರ್ಮಟ್ ಬರೆದ ಕಾಮಿಕ್ಸ್ ಥರದ ಕವರ್ ನೋಡೇ ಮರುಳಾದವರುಂಟು (ನಾನೂ ಒಬ್ಬ). 1993ರಲ್ಲಿ ಇವರೇ ಬಿಡುಗಡೆ ಮಾಡಿದ ಗಾಯಕ ಶ್ಯಾಗಿಯ 'ಓ ಕ್ಯಾರೊಲಿನಾ' ಹಾಡು ಬ್ರಿಟನ್ನಿನ ನಂಬರ್ ಒನ್ ಆಯ್ತು. 2008ರಲ್ಲಿ ನ್ಯೂಯಾರ್ಕಿನ ವಿಪಿ ರೆಕಾರ್ಡ್ಸ್ ಲೇಬಲನ್ನೇ ಕೊಂಡುಕೊಂಡಿತು. ಕೇಳೋಕೆ ಶುರು ಮಾಡೋದಾದರೆ ಸೈಂಟಿಸ್ಟ್‌ನಿಂದ ಮಾಡಿ.