‘ದಿ ಜಾಯ್ ಲಕ್ ಕ್ಲಬ್’: ಯಾರ ಅವ್ವ ಯಾರು ಅಂತ ತಿಳಿಯಬೇಕಾದರೆ ಹೇಗೆ ಓದಬೇಕು?

ನೀವು ಕೇಳಿರುವುದು: ‘ಕಲಬುರಗಿಯಾಗ ನಾವು ಎಂಟು ಮಂದಿ ಹೆಣ್ಮಕ್ಕಳು ಕೂಡಿ ಏಮಿ ಟ್ಯಾನ್ ಅವರ ಇಂಗ್ಲಿಷ್ ಕಾದಂಬರಿ ದಿ ಜಾಯ್ ಲಕ್ ಕ್ಲಬ್ ಓದ್ಲತ್ತೀವಿ. ಅರ್ಧಕ್ಕ ಬಂದ್ರೂ ಯಾರ ಅವ್ವ ಯಾರು ತಿಳಿವಲ್ದು. ಚರ್ಚಾಕ್ಕ ಕುಂತ್ರ ಅವ್ವಂದು ತಪ್ಪೋ ಮಗಳದು ತಪ್ಪೋ ಅನ್ನೋದೇ ಆಗ್ತದ. ಹ್ಯಾಂಗ ಓದಬೇಕು?’

ಗೊಂದಲ ಆಗುವಂತೆಯೇ ಆ ಪುಸ್ತಕ ಕಟ್ಟಿದ್ದಾರೆ. 1989ರಲ್ಲಿ ಬಂದ ಈ ಕಾದಂಬರಿಯಲ್ಲಿ ನಾಲ್ಕು ಭಾಗ, ಭಾಗಕ್ಕೆ ನಾಲ್ಕರಂತೆ 16 ಕಥೆ. ಚೀನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ನಾಲ್ವರು ತಾಯಂದಿರು, ಅಮೆರಿಕದಲ್ಲಿ ಹುಟ್ಟಿದ ಅವರ ನಾಲ್ವರು ಹೆಣ್ಣುಮಕ್ಕಳು. ಆದರೆ ಕಥೆ ಹೇಳುವವರು ಏಳೇ ಮಂದಿ. ತಾಯಂದಿರಲ್ಲಿ ಒಬ್ಬಳಾದ ಸುಯುವಾನ್ ಮೊದಲ ಪುಟಕ್ಕೂ ಮುಂಚೆಯೇ ತೀರಿಕೊಂಡಿದ್ದಾಳೆ. ಅವಳ ಮಗಳು ಜಿಂಗ್-ಮೈ (ಜೂನ್ ಅಂತಲೂ ಕರೆಯುತ್ತಾರೆ) ಮಾಜಾಂಗ್ (ಬಿಲ್ಲೆಗಳಿಂದ ಆಡುವ ಚೀನೀ ಆಟ; ತಾಯಂದಿರು ಅದನ್ನಾಡುವ ಕೂಟವೇ ಜಾಯ್ ಲಕ್ ಕ್ಲಬ್) ಮೇಜಿನಲ್ಲಿ ಅವ್ವನ ಜಾಗಕ್ಕೆ ಕೂರುತ್ತಾಳೆ, ಅವ್ವನ ಪಾಲಿನ ಕಥೆಯನ್ನೂ ತಾನೇ ಹೇಳುತ್ತಾಳೆ.

ಮೊದಲು ಪೆನ್ಸಿಲ್ ಹಿಡಿದು ಕಥೆಗಳಿಗೆ 1ರಿಂದ 16ರವರೆಗೆ ಅಂಕಿ ಹಾಕಿಕೊಳ್ಳಿ. ಜಿಂಗ್-ಮೈ ಹೇಳುವುದು 1, 8, 12, 16. ಆನ್-ಮೈ 2 ಮತ್ತು 13, ಅವಳ ಮಗಳು ರೋಸ್ 7 ಮತ್ತು 11. ಲಿಂಡೋ 3 ಮತ್ತು 15, ಮಗಳು ವೇವರ್ಲಿ 5 ಮತ್ತು 10. ಯಿಂಗ್-ಯಿಂಗ್ 4 ಮತ್ತು 14, ಮಗಳು ಲೀನಾ 6 ಮತ್ತು 9. ಅಂದರೆ ಮೊದಲ ಮತ್ತು ಕೊನೆಯ ಭಾಗ ಅವ್ವಂದಿರದು, ನಡುವಿನ ಎರಡು ಮಕ್ಕಳದು. ಮೊದಲ ಸಲ ಪುಸ್ತಕದಲ್ಲಿರುವ ಕ್ರಮದಲ್ಲೇ ಓದಿ, ವಾರಕ್ಕೆ ಒಂದು ಭಾಗ ಸಾಕು. ಐದನೇ ವಾರ ಅವ್ವನ ಕಥೆಗೆ ಮಗಳ ಕಥೆ ಜೋಡಿ ಹಚ್ಚಿ ಓದಿ. ಪುಸ್ತಕ ಬಾಯಿ ಬಿಡುವುದು ಆವಾಗಲೇ.

9 ಮತ್ತು 14ನ್ನು ಅಕ್ಕಪಕ್ಕ ಇಟ್ಟು ನೋಡಿ. ಲೀನಾ ಮತ್ತು ಗಂಡ ಹೆರಾಲ್ಡ್ ಮನೆಖರ್ಚನ್ನು ಸಮಪಾಲು ಮಾಡಿಕೊಂಡಿದ್ದಾರೆ, ಲೆಕ್ಕದ ಚೀಟಿ ಫ್ರಿಜ್ ಮೇಲಿದೆ. ತಾನು ತಿನ್ನದ ಐಸ್‌ಕ್ರೀಮಿನ ಅರ್ಧ ದುಡ್ಡನ್ನೂ ಅವಳು ಕೊಡುತ್ತಿದ್ದಾಳೆ. ಅದು ಮನೆಗೆ ಬಂದ ಅವ್ವ ಯಿಂಗ್-ಯಿಂಗ್ ಕಣ್ಣಿಗೆ ಬೀಳುತ್ತದೆ. ಕೋಣೆಯಲ್ಲಿ ಕಾಲು ಅಲುಗುವ ಒಂದು ಮೇಜು, ಮೇಲೆ ಹೂದಾನಿ. 9ರ ಕೊನೆಗೆ ಅದು ಬಿದ್ದು ಒಡೆಯುತ್ತದೆ. ಒಂದಿನ ಬೀಳ್ತದೆ ಅಂತ ಗೊತ್ತಿತ್ತು ಅನ್ನುತ್ತಾಳೆ ಮಗಳು. ಗೊತ್ತಿದ್ದರೆ ಯಾಕೆ ತಡೆಯಲಿಲ್ಲ ಅನ್ನುತ್ತಾಳೆ ಅವ್ವ. ಆ ಪ್ರಶ್ನೆ ಮೇಜಿನದಲ್ಲ, ಸಂಸಾರದ್ದು. ನಾಲ್ಕು ಕಥೆ ದಾಟಿ 14ಕ್ಕೆ ಬಂದರೆ ಅದೇ ಕೋಣೆಯಲ್ಲಿ ಅವ್ವ ಒಬ್ಬಳೇ ಕೂತಿದ್ದಾಳೆ. ಮೇಜು ಬೀಳಲಿದೆ, ಸದ್ದು ಕೇಳಿ ಮಗಳು ಮೇಲೆ ಬರುತ್ತಾಳೆ ಅಂತ ಕಾಯುತ್ತಿದ್ದಾಳೆ. 9ನ್ನು ಮಾತ್ರ ಓದಿದವರು ಅವಳನ್ನು ಮಂಕು ಮುದುಕಿ ಅಂದುಕೊಳ್ಳುತ್ತಾರೆ. ತಪ್ಪು ಯಾರದು ಎಂಬ ಜಗಳ ನಿಮ್ಮಲ್ಲಿ ಹುಟ್ಟುವುದೂ ಇದರಿಂದಲೇ: ಒಬ್ಬರ ಕಥೆ ಹಸಿಯಾಗಿರುವಾಗ ಇನ್ನೊಬ್ಬರದು ನೂರು ಪುಟ ಹಿಂದೆ ಉಳಿದು ಮರೆತುಹೋಗಿರುತ್ತದೆ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಭಾಷೆ. ಮಕ್ಕಳು ಹೇಳುವ ಕಥೆಗಳಲ್ಲಿ ಅವ್ವಂದಿರ ಇಂಗ್ಲಿಷ್ ಮುರುಕು. ತಮ್ಮ ಕಥೆ ತಾವೇ ಹೇಳುವಾಗ ಅದೇ ಹೆಂಗಸರ ಮಾತು ಹೊಳೆಯಂತೆ ಹರಿಯುತ್ತದೆ. 6ರಲ್ಲಿ ಆಸ್ಪತ್ರೆಯಲ್ಲಿ ಕೂಸು ಕಳೆದುಕೊಂಡ ಯಿಂಗ್-ಯಿಂಗ್ ಅಳುತ್ತ ಆಡಿದ ಮಾತನ್ನು ಲೀನಾ ಅಪ್ಪನಿಗೆ ಬೇರೆಯೇ ಮಾಡಿ ಹೇಳುತ್ತಾಳೆ. ಅವಳ ಮಾತು ಮನೆಯವರಿಗೇ ಮುಟ್ಟುವುದಿಲ್ಲ. ನೀವು ಕನ್ನಡದಲ್ಲಿ ಕಥೆ ಹೇಳಿಕೊಳ್ಳುವಾಗ 2, 3, 4, 13, 14, 15ನ್ನು ನಮ್ಮ ಕಲಬುರಗಿ ಮಾತಿನಲ್ಲೇ ಹೇಳಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಬೆಂಗಳೂರಿಗೆ ಓದಲು ಹೋದ ಮಗಳು ಫೋನಿನಲ್ಲಿ ಅವ್ವನ ಮಾತು ತಿದ್ದುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಾತು ಪುಟದ ಮೇಲೆ ಹೇಗೆ ನಿಲ್ಲುತ್ತದೆ ಅಂತ ನೋಡಬೇಕಾದರೆ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ನಮ್ಮ ಜಿಲ್ಲೆಯ ಗೀತಾ ನಾಗಭೂಷಣರ ‘ಬದುಕು’ ತೆಗೆದು ನಾಲ್ಕು ಪುಟ ಗಟ್ಟಿಯಾಗಿ ಓದಿ.

12ರಲ್ಲಿ ಏಡಿ ಊಟದ ಪ್ರಸಂಗವಿದೆ. ಕಾಲು ಹರಿದ ಏಡಿಯನ್ನು ಜಿಂಗ್-ಮೈ ತಾನು ಹಾಕಿಕೊಳ್ಳಲು ಹೋಗುತ್ತಾಳೆ, ಅವ್ವ ಬಿಡುವುದಿಲ್ಲ. ಆ ರಾತ್ರಿಯೇ ಸುಯುವಾನ್ ಕೊರಳಿನ ಹಸಿರು ಕಲ್ಲಿನ ಪದಕ ತೆಗೆದು ಮಗಳಿಗೆ ಕೊಡುತ್ತಾಳೆ. ಏಡಿ ತಿನ್ನದ ಮನೆಯವರಿಗೆ ಇದು ದೂರದ ಸಂಗತಿ ಅನ್ನಿಸಬಹುದು. ಕರಕಾದ ರೊಟ್ಟಿ ಯಾರ ತಾಟಿಗೆ ಹೋಗುತ್ತದೆ ಅಂತ ಕೇಳಿ ನೋಡಿ, ಎಂಟೂ ಮಂದಿ ಮಾತಾಡುತ್ತಾರೆ. ಆದರೆ ಸ್ವಂತ ಮನೆಯ ಮಾತಿಗೆ ಹತ್ತು ನಿಮಿಷದ ಗಡಿ ಇರಲಿ, ಆಮೇಲೆ ಪುಸ್ತಕದ ಪುಟಕ್ಕೆ ಮರಳಿ. ಇಲ್ಲದಿದ್ದರೆ ಕಾದಂಬರಿ ಅಲ್ಲಿಗೇ ನಿಲ್ಲುತ್ತದೆ.

1993ರ ಸಿನಿಮಾ ನೋಡಿದವರಿದ್ದರೆ ಮೊದಲೇ ಹೇಳಿಬಿಡಿ: ಅದರಲ್ಲಿ ಕಥೆಗಳನ್ನೆಲ್ಲ ಒಂದು ಬೀಳ್ಕೊಡುಗೆ ಕೂಟದೊಳಗೆ ಕೂರಿಸಿದ್ದಾರೆ, ಪುಸ್ತಕದಲ್ಲಿ ಹಾಗಿಲ್ಲ. ಚೀನೀ ಜನಪದ ಕಥೆಗಳನ್ನು ಟ್ಯಾನ್ ತಿರುಚಿದ್ದಾರೆ ಎಂದು ಫ್ರ್ಯಾಂಕ್ ಚಿನ್ ಎಂಬ ಲೇಖಕರು ಕಟುವಾಗಿ ಬರೆದಿದ್ದೂ ಉಂಟು. ಹಾಗಾಗಿ ಚೀನಾದ ಆಚಾರ ತಿಳಿಯಲು ಈ ಪುಸ್ತಕ ಹಿಡಿಯಬೇಡಿ.

16ನೇ ಕಥೆಯನ್ನು ಮಾತ್ರ ಮನೆಯಲ್ಲಿ ಓದಿ ಬರುವುದು ಬೇಡ. ಯುದ್ಧಕಾಲದಲ್ಲಿ ಸುಯುವಾನ್ ದಾರಿಬದಿಯಲ್ಲಿ ಬಿಟ್ಟು ಬಂದ ಅವಳಿ ಹೆಣ್ಣುಕೂಸುಗಳನ್ನು, ಈಗ ದೊಡ್ಡವರಾದ ಆ ಅಕ್ಕಂದಿರನ್ನು, ಜಿಂಗ್-ಮೈ ಶಾಂಘೈ ವಿಮಾನ ನಿಲ್ದಾಣದಲ್ಲಿ ಕಾಣುವ ಕಥೆ ಅದು. ಅಂದು ಒಂದು ಕುರ್ಚಿ ಖಾಲಿ ಇಟ್ಟು, ಒಬ್ಬರೇ ಮೊದಲಿಂದ ಕೊನೆಯವರೆಗೆ ಓದಲಿ, ನಡುವೆ ಯಾರೂ ಪ್ರಶ್ನೆ ಕೇಳುವುದು ಬೇಡ.