ಫಾರಂನಲ್ಲಿ ಬರೆದ 25,000

ಈ ಪ್ರಕರಣದಲ್ಲಿ ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕ ಮಾತ್ರ ಇದ್ದ ಹಾಗೇ ಇದೆ.

ಅವರನ್ನು ಸರೋಜಮ್ಮ ಅಂತ ಕರೆಯೋಣ. ಮೈಸೂರು ಕಡೆಯ ಹಳ್ಳಿಯವರು, ಗಾರ್ಮೆಂಟ್ಸ್‌ನಲ್ಲಿ ಕೆಲಸ, ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ. ಸಲಹೆಗೆ ನನ್ನ ಹತ್ತಿರ ಬಂದದ್ದು ಸಾಲ ಅಂತ ಹೇಳಿಕೊಂಡಲ್ಲ. ನಿದ್ದೆ ಇಲ್ಲ, ಬಾಗಿಲು ಸದ್ದಾದರೆ ಎದೆ ಹೊಡ್ಕೊಳ್ಳುತ್ತೆ ಅಂತ ಬಂದರು. ಎರಡನೇ ಸಲ ಬಂದಾಗ ಸೆರಗಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನಾಲ್ಕು ಕಿರುಸಾಲ ಕಂಪನಿಗಳ ಲೋನ್ ಕಾರ್ಡು. ಹೆಂಗಸರ ಗುಂಪು ಮಾಡಿ ಕೊಡುವ ಈ ಸಾಲಕ್ಕೆ ಊರಲ್ಲಿ ಸಂಘದ ಸಾಲ ಅಂತಾರೆ.

ಕಂತುಗಳನ್ನು ಒಟ್ಟಿಗೆ ಬರೆದೆವು. ತಿಂಗಳಿಗೆ 3,100, 2,900, 2,650, 3,400. ಒಟ್ಟು 12,050. ಇವರ ಸಂಬಳ 11,500, ಗಂಡನದ್ದು ವರ್ಷದ ಲೆಕ್ಕ ಹಿಡಿದರೆ ತಿಂಗಳಿಗೆ ಸುಮಾರು 8,500, ಮಳೆಗಾಲದಲ್ಲಿ ಅದೂ ಇಲ್ಲ. ಅಂದರೆ ಮನೆಗೆ ಬರುವುದು 20,000. ಇದರ ಮೇಲೆ ಪೇಟೆಯ ಒಬ್ಬನ ಹತ್ತಿರ 20,000 ಕೈಸಾಲ, ಮೀಟರ್ ಬಡ್ಡಿ, ವಾರಕ್ಕೆ 2,000. ಅವನ ಹತ್ತಿರ ಇವರು ಸಹಿ ಮಾಡಿದ ಖಾಲಿ ಚೆಕ್ ಇದೆ.

"ಈಗ ಯಾರಿಗೆ ಕೊಡ್ತಾ ಇದ್ದೀರಮ್ಮ?" ಅಂತ ಕೇಳಿದೆ.

"ಪೇಟೆಯವನಿಗೆ ತಪ್ಪಿಸಲ್ಲ ಮೇಡಂ, ಮನೆ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬಯ್ತಾನೆ. ಸಂಘದ್ದು ಎಲ್ಲ ಮನ್ನಾ ಆಯ್ತಲ್ಲ, ಅದನ್ನ ನಿಲ್ಲಿಸಿದೀನಿ."

2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಸಾಲ ವಸೂಲಿಯ ಕಿರುಕುಳ ತಡೆಯೋಕೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ, ಅದನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಸಂಘದ ಸಾಲ ಮನ್ನಾ" ಅಂತ ಹಾಕಿದ್ದರು. ನಿಜ ಏನು ಅಂದರೆ, ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಆ ಕಾನೂನು ಅನ್ವಯಿಸುವುದಿಲ್ಲ. ನೋಂದಣಿ, ಲೈಸೆನ್ಸ್ ಯಾವುದೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮಾತ್ರ ಬಡ್ಡಿ ಸಮೇತ ತೀರಿತು ಅಂತ ಅದು ಹೇಳುತ್ತದೆ. ಅಂದರೆ ಸರೋಜಮ್ಮ ಕೊಡಬೇಕಾದವರಿಗೆ ನಿಲ್ಲಿಸಿ, ಲೈಸೆನ್ಸ್ ಇಲ್ಲದ, ಕೊಡಬೇಕಿಲ್ಲದ ಪೇಟೆಯವನಿಗೆ ವಾರವಾರ ತಪ್ಪದೆ ಕೊಡುತ್ತಿದ್ದರು. ಅವರ ಕಂತನ್ನು ಗುಂಪಿನ ಹೆಂಗಸರು ತುಂಬಬೇಕಾಗಿ ಬಂದು, ನೆಂಟಸ್ತಿಕೆಯೂ ಕೆಟ್ಟಿತ್ತು.

ಕಿರುಸಾಲ ಕಂಪನಿಗಳ ಒಕ್ಕೂಟಗಳು ಈ ವಿಷಯದಲ್ಲಿ ಹೇಳುವುದು ಸರಿ. ಕಾನೂನು ಬಂದಾಗ ಅದು ಯಾರಿಗೆ ಅನ್ವಯ ಅಂತ ಬಿಡಿಸಿ ಹೇಳದಿದ್ದರೆ ಜನ ಎಲ್ಲ ಸಾಲವನ್ನೂ ನಿಲ್ಲಿಸುತ್ತಾರೆ. 2010ರಲ್ಲಿ ಆಂಧ್ರದ ಸುಗ್ರೀವಾಜ್ಞೆ ಆದಮೇಲೆ ಅಲ್ಲಿ ವಸೂಲಿ ಕುಸಿದು ಹೋಗಿತ್ತು, ಆ ಭಯ ಅವರಿಗೆ ಇನ್ನೂ ಇದೆ. ಆದರೆ ಅದೇ ಒಕ್ಕೂಟಗಳು ಇನ್ನೊಂದು ಮಾತೂ ಹೇಳುತ್ತವೆ, ನಮ್ಮನ್ನು ನಾವೇ ನಿಯಂತ್ರಿಸಿಕೊಳ್ಳುತ್ತೇವೆ ಅಂತ. ಅದಕ್ಕೆ ಸರೋಜಮ್ಮನ ನಾಲ್ಕನೇ ಸಾಲದ ಫಾರಂ ನೋಡಬೇಕು.

ಆರ್‌ಬಿಐನ 2022ರ ನಿಯಮದಲ್ಲಿ ಕಿರುಸಾಲ ಅಂದರೆ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ. ಆ ಮನೆಯ ಎಲ್ಲ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಇವರ ಆದಾಯ 20,000, ಅರ್ಧ 10,000. ಮೂರು ಕಂಪನಿಗಳ ಕಂತು 8,650 ಇತ್ತು, ಅಲ್ಲಿಗೆ ಸರಿ. ನಾಲ್ಕನೆಯವರು 3,400ರ ಕಂತು ಸೇರಿಸಿದಾಗ ಮಿತಿ ದಾಟಲೇಬೇಕು, ಅಲ್ವಾ? ಫಾರಂನಲ್ಲಿ ದಾಟಿರಲಿಲ್ಲ. ಅಲ್ಲಿ ಮನೆಯ ಆದಾಯ 25,000 ಅಂತ ಬರೆದಿತ್ತು. ಅರ್ಧ 12,500, ಕಂತು 12,050. ಇನ್ನೊಂದು ಸಾವಿರ ಜಾಸ್ತಿ ಬರೆದಿದ್ದರೆ ವರ್ಷಕ್ಕೆ 3 ಲಕ್ಷ ಮೀರಿ ಕಿರುಸಾಲವೇ ಸಿಗುತ್ತಿರಲಿಲ್ಲ. "ನಾನು ಸಂಬಳ ಅಷ್ಟೇ ಹೇಳಿದ್ದು ಮೇಡಂ, ಉಳಿದದ್ದು ಅವರೇ ಬರಕೊಂಡರು" ಅಂದರು. ಆ 25,000ದ ಮೇಲೆ ನನ್ನ ಕಣ್ಣು ತುಂಬ ಹೊತ್ತು ನಿಂತಿತು.

2024ರಲ್ಲಿ ಒಕ್ಕೂಟದವರು ಒಬ್ಬರಿಗೆ 4ಕ್ಕಿಂತ ಹೆಚ್ಚು ಕಂಪನಿ ಸಾಲ ಕೊಡಬಾರದು, ಒಟ್ಟು 2 ಲಕ್ಷ ದಾಟಬಾರದು ಅಂತ ಮಿತಿ ಹಾಕಿದರು, ಆಮೇಲೆ 4 ಅನ್ನು 3ಕ್ಕೆ ಇಳಿಸಿದರು. ಒಳ್ಳೆಯ ನಿಯಮವೇ. ಆದರೆ ಒಂದು ಸಾಲ ತೀರಿಸೋಕೆ ಇನ್ನೊಂದು ತೆಗೆಯುತ್ತಾ ಬಂದವರಿಗೆ ಬಾಗಿಲು ಮುಚ್ಚಿದ ದಿನ, ಹಳೇ ಕಂತಿಗೆ ಏನು ದಾರಿ ಅಂತ ಕೂತು ಮಾತಾಡುವವರು ಯಾರೂ ಇರಲಿಲ್ಲ. ಐದನೇ ಕಂಪನಿ ಕೊಡಲ್ಲ ಅಂದ ವಾರವೇ ಸರೋಜಮ್ಮ ಪೇಟೆಯವನ ಹತ್ತಿರ ಹೋದದ್ದು. ಹೊಸ ಸಾಲ ನಿಲ್ಲಿಸುವ ನಿಯಮದ ಜೊತೆಗೇ ಹಳೇ ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸುವ ನಿಯಮವೂ ಬರಬೇಕು. ಒಕ್ಕೂಟಗಳು ಸರ್ಕಾರದ ಮುಂದೆ ವಾದ ಮಾಡುವಾಗ ಇದನ್ನೂ ತಾವೇ ಮುಂದೆ ಬಂದು ಒಪ್ಪಿಕೊಳ್ಳಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಸಲಹೆಗೆ ಮೊದಲು, ಬದುಕೋದೇ ಬೇಡ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಊರು ಬಿಟ್ಟು ಹೋಗೋಣ ಅನ್ನಿಸಿದೆ, ಅದಕ್ಕಿಂತ ಮುಂದೆ ಹೋಗಿಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲೂ ಮಗಳ ಫೋನಿನಲ್ಲೂ ಹಾಕಿಸಿದೆ. ರಾತ್ರಿ ಹೊತ್ತಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಪೇಟೆಯವನಿಗೆ ಇನ್ನು ಒಂದು ರೂಪಾಯಿಯೂ ಬೇಡ ಅಂದೆ. ಮೊದಲು ಬ್ಯಾಂಕಿಗೆ ಹೋಗಿ ಆ ಚೆಕ್ಕಿನ ನಂಬರ್ ಬರೆದುಕೊಟ್ಟು ಪಾವತಿ ತಡೆಯಿರಿ. ಆಮೇಲೆ ಪೊಲೀಸ್ ಠಾಣೆ, ಒಬ್ಬರೇ ಬೇಡ, ಅಣ್ಣನನ್ನೋ ಗುಂಪಿನ ಇಬ್ಬರನ್ನೋ ಕರಕೊಂಡು ಹೋಗಿ, ಬರವಣಿಗೆಯಲ್ಲಿ ದೂರು ಕೊಟ್ಟು ರಸೀದಿ ಇಸಕೊಳ್ಳಿ.

ಕಂಪನಿಗಳ ವಿಷಯದಲ್ಲಿ ಅವರಿಗೆ ಕಷ್ಟ ಆಗಿದ್ದು ಒಂದೇ ಮಾತು: ದುಡ್ಡಿಲ್ಲದಿದ್ದರೂ, ಗುಂಪಿನವರು ಸೇರಿ ಕಂತು ಕಟ್ಟುವ ಸೆಂಟರ್ ಮೀಟಿಂಗಿಗೆ ಹೋಗಿ. ಮುಖ ತೋರಿಸೋಕೆ ನಾಚಿಕೆ ಅಂದರು. ಆದರೆ ವಸೂಲಿ ಗೊತ್ತುಮಾಡಿದ ಜಾಗದಲ್ಲೇ ಆಗಬೇಕು ಅಂತ ನಿಯಮ ಇದೆ, ಸಾಲ ಪಡೆದವರು ಎರಡು ಸಲ ಸತತವಾಗಿ ಬರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಮೀಟಿಂಗಿಗೆ ಹೋದರೆ ಬಾಗಿಲಿಗೆ ಬರುವ ಹಕ್ಕು ಅವರಿಗೆ ಇಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ, ನೆಂಟರ ಮುಂದೆ ಹೆಸರು ಎತ್ತುವ ಹಾಗೂ ಇಲ್ಲ. ಮಾಡಿದರೆ ದಿನ, ಹೊತ್ತು, ಹೆಸರು ಮಗಳ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಾಲ್ಕೂ ಕಂಪನಿಗೆ ಒಂದೊಂದು ಪತ್ರ ಬರೆದೆವು. ನಿಜವಾದ ಆದಾಯ ಇಷ್ಟು, ಒಟ್ಟು ಕಂತು ಇಷ್ಟು, ನನ್ನಿಂದ ಇಷ್ಟು ಕಟ್ಟಲು ಆಗುತ್ತದೆ, ಅವಧಿ ಹೆಚ್ಚಿಸಿ ಅಂತ. ನಾಲ್ಕನೆಯವರಿಗೆ ಬರೆದದ್ದರಲ್ಲಿ ಆದಾಯ ತಪ್ಪಾಗಿ ದಾಖಲಾಗಿದೆ ಅಂತಲೂ ಸೇರಿಸಿದೆವು. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸೋಕೆ 14448ಕ್ಕೆ ಫೋನ್ ಮಾಡಿದರೆ ಸಾಕು.

ಒಂದು ಕಂಪನಿ ಅವಧಿ ಹೆಚ್ಚಿಸಿ ಕಂತು ಇಳಿಸಿದೆ. ಇನ್ನೆರಡು, ಬಾಕಿ ಕಟ್ಟಿದ ಮೇಲೆ ನೋಡೋಣ ಅಂದಿವೆ, ಬಾಕಿಯನ್ನು ಸ್ವಲ್ಪಸ್ವಲ್ಪವಾಗಿ ಕಟ್ಟುತ್ತಿದ್ದಾರೆ. ನಾಲ್ಕನೆಯವರಿಂದ ಉತ್ತರ ಬರಲಿಲ್ಲ, ಆ ಫಾರಂನ ಪ್ರತಿ ಈಗ ಓಂಬುಡ್ಸ್‌ಮನ್ ದೂರಿನ ಜೊತೆ ಹೋಗಿದೆ.